ಎಂಜಿನಿನ ಉಸಿರೂ ಅದರ ಬಲವೂ

ಮೋಟಾರು ಕಾರಿನ ಆಹಾರ ಯಾವುದೆಂದು ಕೇಳಿದರೆ ಪೆಟ್ರೋಲು ಎಂದು ಯಾರಾದರೂ ಥಟ್ಟನೆ ಹೇಳಿಬಿಡುತ್ತಾರೆ. ಈ ಉತ್ತರ ತಪ್ಪಲ್ಲವಾದರೂ ಪೂರ್ಣವಾದದ್ದಲ್ಲ. ಒಂದು ಗ್ರಾಂ ಪೆಟ್ರೋಲು ಸಂಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿಗೆ ಸ್ವಲ್ಪ ಕಡಮೆ. ಅದನ್ನು ಉರಿಸಲು ಹತ್ತಿರ ಹತ್ತಿರ 11 ಕಿಲೋಗ್ರಾಂ, ಎಂದರೆ ಸುಮಾರು 9000 ಲೀಟರು ಗಾಳಿ ಎಂಜಿನಿನೊಳಕ್ಕೆ ಹೋಗಬೇಕು. ಪೆಟ್ರೋಲು ದ್ರವ, ಅದನ್ನು ಪಂಪಿನಿಂದ ಬೇಕಾದಷ್ಟು ಒಳಗೆ ತಳ್ಳಬಹುದು. ಗಾಳಿಯಾದರೋ ಹಗುರವಾದ, ಹೆಚ್ಚು ಎಡೆಯನ್ನು ಬೇಡುವ ವಸ್ತು. ಆದುದರಿಂದ ಎಂಜಿನಿನ ಬಲಕ್ಕೆ ಎಲ್ಲೆಯನ್ನು ಹಾಕುವುದು ಗಾಳಿಯೇ ಹೊರತು ಪೆಟ್ರೋಲಲ್ಲ.

ವೇಗದ ಕಾರುಗಳನ್ನಿಟ್ಟುಕೊಂಡವರಲ್ಲಿ ಒಂದು ಹವ್ಯಾಸವುಂಟು. ಕಾರ್ಖಾನೆಯಿಂದ ಬಂದ ಎಂಜಿನಿಗೆ ಬೇರೆ ಫಿಲ್ಟರನ್ನೂ ಅಗಲವಾದ ಕೊಳವೆಗಳನ್ನೂ ಜೋಡಿಸಿ, ಅದರ ನಡೆಯನ್ನು ಹೊಸದಾಗಿ ಹೊಂದಿಸಿ, ಬಲವನ್ನು ಹೆಚ್ಚಿಸುವುದು ಆ ಹವ್ಯಾಸ. ಇದರ ಹಿಂದಿರುವ ಭೌತಶಾಸ್ತ್ರ ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಅನಿಲ ನಿಯಮಗಳಿಂದ ಬಹು ದೂರದ್ದೇನೂ ಅಲ್ಲ. ಆದರೆ ಅದನ್ನು ಅರ್ಧ ಮಾತ್ರ ತಿಳಿದು ಕೈಹಾಕಿದವರ ಎಂಜಿನು ಕೆಲವೇ ಸೆಕೆಂಡುಗಳಲ್ಲಿ ಒಡೆದುಹೋಗುವುದುಂಟು. ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಜಪಾನಿನ ಸುಬಾರು ಕಂಪೆನಿಯು 2004ನೆಯ ಮಾದರಿಯಾಗಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಇಂಪ್ರೆಝಾ ಡಬ್ಲ್ಯು.ಆರ್.ಎಕ್ಸ್. ಎಸ್.ಟಿ.ಐ. ಎಂಬ ನಾಲ್ಕು ಬಾಗಿಲಿನ ಸೆಡಾನ್ ಕಾರು ಈ ಹವ್ಯಾಸಿಗಳಿಗೆ ಅಚ್ಚುಮೆಚ್ಚಿನದು. ಅದರ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು ಎದುರುಬದುರಾಗಿ ಮಲಗಿವೆ. ಅವುಗಳ ಒಟ್ಟು ಗಾತ್ರ 2457 ಘನ ಸೆಂಟಿಮೀಟರು, ಪ್ರತಿಯೊಂದರ ವ್ಯಾಸ 99.5 ಮಿಲಿಮೀಟರು. ಅದು ನಿಮಿಷಕ್ಕೆ 6000 ಸುತ್ತು ಸುತ್ತುವಾಗ 300 ಅಶ್ವಶಕ್ತಿಯನ್ನು, ಎಂದರೆ 224 ಕಿಲೋವ್ಯಾಟನ್ನು ಕೊಡುತ್ತದೆಂದು ಕಂಪೆನಿಯ ಲೆಕ್ಕ. ನಾಲ್ಕು ಹೊಡೆತದ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಸಿಲಿಂಡರುಗಳೆಲ್ಲ ಗಾಳಿಯಿಂದ ತುಂಬುವುದರಿಂದ, 6000 ಸುತ್ತಿನಲ್ಲಿ ಅವು ಸೆಕೆಂಡಿಗೆ 50 ಸಲ ತುಂಬುತ್ತವೆ. ಇದು ಸೆಕೆಂಡಿಗೆ ಸುಮಾರು 123 ಲೀಟರು. ಹೊರಗಿನ ಗಾಳಿ 35 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದು, ಸಿಲಿಂಡರು ನೂರಕ್ಕೆ ತೊಂಬತ್ತರಷ್ಟು ತುಂಬುತ್ತದೆಂದಿಟ್ಟುಕೊಂಡರೆ, ಒಳಕ್ಕೆ ಹೋಗುವ ಗಾಳಿಯ ತೂಕ ಸೆಕೆಂಡಿಗೆ ಸುಮಾರು 125 ಗ್ರಾಂ. 300 ಅಶ್ವಶಕ್ತಿಗೆ ಇದು ಏನೇನೂ ಸಾಲದು.

ಆ ಕೊರತೆಯನ್ನು ತುಂಬುವುದು ಟರ್ಬೋಚಾರ್ಜರು. ಹೊರಕ್ಕೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಈ ಕಾರಿನಲ್ಲಿ ಹೆಚ್ಚುವರಿ ಒತ್ತಡ ಚದರ ಅಂಗುಲಕ್ಕೆ 14.5 ಪೌಂಡಿನವರೆಗೆ ಏರುತ್ತದೆ. ಎಂದರೆ ಒಟ್ಟು ಒತ್ತಡ ವಾಯುಮಂಡಲದ ಒತ್ತಡದ ಎರಡು ಪಟ್ಟು. ಹಾಗಾದರೆ ಗಾಳಿಯೂ ಎರಡು ಪಟ್ಟಾಗಬೇಕಲ್ಲವೆ? ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲರು. ಒತ್ತಿದ ಗಾಳಿ ಕಾಯುತ್ತದೆ. 35 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಿದರೆ, ಒತ್ತುವ ಚಕ್ರದ ದಕ್ಷತೆ ನೂರಕ್ಕೆ ಎಪ್ಪತ್ತೆಂದಿಟ್ಟುಕೊಂಡಾಗ, ಅದರ ಉಷ್ಣತೆ ಸುಮಾರು 130 ಡಿಗ್ರಿಗೆ ಏರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಸೆಕೆಂಡಿಗೆ ಒಳಗೆ ಹೋಗುವುದು 190 ಗ್ರಾಂ ಮಾತ್ರ. ಎಂಜಿನಿನ ಮೇಲೆಯೇ ಕುಳಿತಿರುವ ಇಂಟರ್‌ಕೂಲರೆಂಬ ತಂಪುಕಾರಕಕ್ಕೆ ಬಾನೆಟ್ಟಿನ ಮೇಲಿನ ದೊಡ್ಡ ಬಾಯಿಯಿಂದ ಗಾಳಿ ಬೀಸಿ, ಒತ್ತಿದ ಗಾಳಿ 60 ಡಿಗ್ರಿಗೆ ಇಳಿದರೆ, ಪ್ರಮಾಣ 230 ಗ್ರಾಮಿಗೆ ಏರುತ್ತದೆ. ಯಾವ ಯಂತ್ರವೂ ತಿರುಗದೆ, ಕೇವಲ ತಂಪುಮಾಡಿದ್ದರಿಂದ ನೂರಕ್ಕೆ ಇಪ್ಪತ್ತರಷ್ಟು ಲಾಭ!

ಒಂದು ಗ್ರಾಂ ಗಾಳಿ ತನಗೆ ತಕ್ಕಷ್ಟು ಪೆಟ್ರೋಲಿನೊಡನೆ ಉರಿದಾಗ ಸುಮಾರು 3 ಕಿಲೋಜೂಲು ಶಾಖ ಹುಟ್ಟುತ್ತದೆ. 230 ಗ್ರಾಮಿಗೆ ಹತ್ತಿರ ಹತ್ತಿರ 690 ಕಿಲೋವ್ಯಾಟ್. ಇದರಲ್ಲಿ ಮೂರನೆಯ ಒಂದು ಭಾಗ ತಿರುಗುವ ದಂಡಕ್ಕೆ ದಕ್ಕುತ್ತದೆ. ಉಳಿದದ್ದು ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಟುಹೋಗುತ್ತದೆ. ಕಂಪೆನಿ ಹೇಳುವ 224 ಕಿಲೋವ್ಯಾಟಿಗೆ ನಮ್ಮ ಒರಟು ಲೆಕ್ಕ ಹೀಗೆ ಸರಿಹೊಂದುತ್ತದೆ. ಸೆಕೆಂಡಿಗೆ ಒಂದು ಗ್ರಾಂ ಗಾಳಿ ಹೆಚ್ಚಿದರೆ ಸುಮಾರು 1.3 ಅಶ್ವಶಕ್ತಿ ಹೆಚ್ಚುತ್ತದೆಂದು ನೆನಪಿಟ್ಟುಕೊಂಡರೆ, ಅಂಗಡಿಯವರ ಜಾಹೀರಾತುಗಳನ್ನು ತೂಗಿ ನೋಡಲು ಒಂದು ತಕ್ಕಡಿ ಸಿಕ್ಕಿದಂತಾಯಿತು.

ಹವ್ಯಾಸಿಗಳು ಮೊದಲು ಕೊಳ್ಳುವುದು ಗಾಳಿಯ ಫಿಲ್ಟರನ್ನು. ಮೂಲ ಫಿಲ್ಟರೂ ಅದರ ಪೆಟ್ಟಿಗೆಯೂ ಸೇರಿ ಗಾಳಿಯ ಒತ್ತಡವನ್ನು ನೂರಕ್ಕೆ ಮೂರರಷ್ಟು ಇಳಿಸುತ್ತವೆಂದು ಊಹಿಸೋಣ. ಈ ಅಡ್ಡಿಯನ್ನು ಪೂರ್ತಿ ತೆಗೆದುಹಾಕಿದರೂ ಸಾಮಾನ್ಯ ಎಂಜಿನಿಗೆ ಸಿಗುವುದು ಆ ಮೂರು ಪಾಲು ಮಾತ್ರ. ಟರ್ಬೋ ಎಂಜಿನಿನಲ್ಲಿ ಒತ್ತಡವನ್ನು ಗೊತ್ತಾದ ಮಟ್ಟದಲ್ಲಿ ನಿಲ್ಲಿಸುವ ಕವಾಟವೊಂದಿರುವುದರಿಂದ ಅಷ್ಟೂ ಸಿಗದು. ಅದಕ್ಕಿಂತ ಮುಖ್ಯವಾದದ್ದು ಗಾಳಿ ಎಲ್ಲಿಂದ ಬರುತ್ತದೆಂಬುದು. ಕಾರ್ಖಾನೆಯವರು ಬಹುಮಟ್ಟಿಗೆ ತಂಪಾದ ಮೂಲೆಯಿಂದಲೇ ಗಾಳಿಯನ್ನು ಎಳೆದುಕೊಳ್ಳುವಂತೆ ಮಾಡಿರುತ್ತಾರೆ. ಅದನ್ನು ಕಿತ್ತು, ತೆರೆದ ಫಿಲ್ಟರೊಂದನ್ನು ಕಾದ ಎಂಜಿನಿನ ಪಕ್ಕದಲ್ಲಿ ನಿಲ್ಲಿಸಿದರೆ, ಕಾರು ನಿಧಾನವಾಗಿ ಸಾಗುವಾಗ ಅದು 70 ಡಿಗ್ರಿಯ ಗಾಳಿಯನ್ನು ಹೀರಬಹುದು. 35 ಡಿಗ್ರಿಯ ಗಾಳಿಗಿಂತ ಅದರ ಸಾಂದ್ರತೆ ನೂರಕ್ಕೆ ಹತ್ತರಷ್ಟು ಕಡಮೆ. ಸಮುದ್ರತೀರದ ಮಂಗಳೂರಿನಿಂದ 900 ಮೀಟರಿಗೂ ಎತ್ತರದ ಬೆಂಗಳೂರಿಗೆ ಕಾರನ್ನು ಹತ್ತಿಸಿದಾಗ ಆಗುವ ನಷ್ಟವೂ ಹೆಚ್ಚು ಕಡಮೆ ಇಷ್ಟೇ. ಮೂರು ಗಳಿಸಹೊರಟು ಹತ್ತು ಕಳೆದುಕೊಂಡ ಮಾಲೀಕ, ತೆರೆದ ಫಿಲ್ಟರಿನ ಭೋರ್ಗರೆತವನ್ನೇ ಬಲವೆಂದು ತಿಳಿದು ಸಂತೋಷಪಡುವುದೂ ಉಂಟು.

ಎಂಜಿನು ಸರಾಗವಾಗಿ ಉಸಿರಾಡುವಂತೆ ಮಾಡಿದರೆ ಲಾಭವೇ ಇಲ್ಲವೆಂದಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲೋಟಸ್ ಕಾರ್ಟಿನಾ ಎಂಬ ಸೆಡಾನ್ ಇದಕ್ಕೆ ಸಾಕ್ಷಿ. ಫೋರ್ಡ್ ಕಂಪೆನಿಯ ಕಾರ್ಟಿನಾ ಜಿ.ಟಿ. ಕಾರು 1498 ಘನ ಸೆಂಟಿಮೀಟರಿನ ಎಂಜಿನಿನಿಂದ 78 ಅಶ್ವಶಕ್ತಿ ಕೊಡುತ್ತಿತ್ತು. ಅದೇ ಜಾತಿಯ ಎಂಜಿನಿನ ಗಾತ್ರವನ್ನು 1558ಕ್ಕೆ ಏರಿಸಿ, ಕವಾಟಗಳನ್ನು ತೆರೆಯಲು ಎರಡು ಕ್ಯಾಮ್ ದಂಡಗಳುಳ್ಳ ಹೊಸ ತಲೆಯನ್ನು ಹೊಂದಿಸಿ, ಜೋಡಿ ಬಾಯಿಯ ವೆಬರ್ ಕಾರ್ಬ್ಯುರೇಟರುಗಳೆರಡನ್ನು ಕೂರಿಸಿದಾಗ 105 ಅಶ್ವಶಕ್ತಿ ದೊರೆಯಿತು. ಅಲ್ಲಿ ಗಾಳಿಗೆ ನಿಜವಾದ ಅಡ್ಡಿ ಕವಾಟಗಳ ಹಾದಿಯಲ್ಲಿತ್ತು. ಅದನ್ನು ತಿದ್ದಿದ್ದರಿಂದ ಫಲ ಬಂದಿತು.

ಸುಬಾರುವಿನ ಕಥೆಗೆ ಹಿಂದಿರುಗೋಣ. ಫಿಲ್ಟರನ್ನು ದಾಟಿದ ಗಾಳಿಯ ಹಾದಿಯಲ್ಲಿ ವಿದ್ಯುತ್ತಿನಿಂದ ಕಾದ ಒಂದು ಸೂಕ್ಷ್ಮವಾದ ತಂತಿಯಿದೆ. ಬೀಸುವ ಗಾಳಿ ಅದನ್ನು ತಣಿಸುತ್ತದೆ. ಅದರ ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ತು ಬೇಕಾಯಿತೆಂಬುದರಿಂದ ಕಂಪ್ಯೂಟರು ಗಾಳಿಯ ತೂಕವನ್ನು ಎಣಿಸಿ, ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಚಿಮ್ಮಿಸುತ್ತದೆ. ಆದರೆ ತಂತಿಗೆ ತಿಳಿಯುವುದು ತನ್ನನ್ನು ತಾಕಿದ ಗಾಳಿ ಮಾತ್ರ. ಇಡೀ ಕೊಳವೆಯಲ್ಲಿ ಎಷ್ಟು ಹರಿಯಿತೆಂಬುದು ಕೊಳವೆಯ ಅಡ್ಡಳತೆಯನ್ನು ನಂಬಿ ಮಾಡಿದ ಲೆಕ್ಕ. ಹವ್ಯಾಸಿಯೊಬ್ಬನು 70 ಮಿಲಿಮೀಟರು ವ್ಯಾಸದ ಕೊಳವೆಯನ್ನು ತೆಗೆದು 75ರದನ್ನು ಹಾಕಿದನೆನ್ನಿ. ಕ್ಷೇತ್ರಫಲ ನೂರಕ್ಕೆ ಹದಿನೈದರಷ್ಟು ಹೆಚ್ಚಿತು; ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುತ್ತದೆ; ಕಂಪ್ಯೂಟರು ನೂರಕ್ಕೆ ಹದಿಮೂರರಷ್ಟು ಗಾಳಿ ಕಡಮೆಯಾಯಿತೆಂದು ಭ್ರಮಿಸಿ ಪೆಟ್ರೋಲನ್ನೂ ಅಷ್ಟೇ ಇಳಿಸುತ್ತದೆ.

ಇಲ್ಲಿಯೇ ಮೋಸವಿರುವುದು. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಇಂಥ ಎಂಜಿನಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಬೇಕೆಂದೇ ಕೊಡುತ್ತಾರೆ. ಒಂದು ಪಾಲಿಗೆ 14.7ರ ಬದಲು 11.5 ಪಾಲು ಗಾಳಿ ಎಂದಿಟ್ಟುಕೊಳ್ಳಿ. ಉರಿಯದೆ ಉಳಿಯುವ ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರಿ ಸಿಲಿಂಡರನ್ನು ತಂಪಾಗಿಡುತ್ತದೆ. ಹೊಸ ಕೊಳವೆಯಿಂದ ಈ ಪ್ರಮಾಣ 13.2ಕ್ಕೆ ಹೋಯಿತು. ಪೆಟ್ರೋಲು ಎಂಜಿನು ಅತ್ಯಂತ ಹೆಚ್ಚು ಬಲವನ್ನು ಕೊಡುವುದು ಸುಮಾರು 12.5ರಿಂದ 13ರ ಆಸುಪಾಸಿನಲ್ಲಿ. ಆದ್ದರಿಂದ ಕಾರು ನಿಜವಾಗಿಯೂ ಚುರುಕಾಗುತ್ತದೆ! ಮಾಲೀಕನು ಕೊಟ್ಟ ಹಣ ಸಾರ್ಥಕವಾಯಿತೆಂದುಕೊಳ್ಳುತ್ತಾನೆ. ಅವನಿಗೆ ಸಿಕ್ಕಿದ ಬಲ ಅಗಲವಾದ ಕೊಳವೆಯದಲ್ಲ. ರಕ್ಷಣೆಗೆಂದು ಇಟ್ಟಿದ್ದ ಪೆಟ್ರೋಲನ್ನು ಕಳೆದುಕೊಂಡದ್ದರಿಂದ ಬಂದದ್ದು.

ರಕ್ಷಣೆ ಯಾವುದರಿಂದ? ನಾಕಿಂಗ್ ಎಂದು ಮೆಕ್ಯಾನಿಕರು ಕರೆಯುವ ಬಡಿತದಿಂದ. ಕಿಡಿ ಹಾರಿದೊಡನೆ ಸಿಲಿಂಡರಿನ ಮಿಶ್ರಣವೆಲ್ಲ ಒಮ್ಮೆಗೇ ಸಿಡಿಯುವುದಿಲ್ಲ. ಕಿಡಿಯಿಂದ ಹೊರಟ ಜ್ವಾಲೆ ಅಂಚಿನವರೆಗೆ ಹಬ್ಬಲು ಒಂದೆರಡು ಮಿಲಿಸೆಕೆಂಡು ಬೇಕು. 6000 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ದಂಡ 36 ಡಿಗ್ರಿ ತಿರುಗಿಬಿಡುವುದರಿಂದ, ಪಿಸ್ಟನ್ ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಿಸುತ್ತಾರೆ. ಜ್ವಾಲೆ ಹಬ್ಬುತ್ತಿರುವಾಗ ಮೂಲೆಯಲ್ಲಿ ಇನ್ನೂ ಉರಿಯದ ಮಿಶ್ರಣ ಅದುಮಲ್ಪಟ್ಟು ಕಾಯುತ್ತಾ ಹೋಗುತ್ತದೆ. ಅದರ ಕಾವು ಮಿತಿಮೀರಿದರೆ, ಜ್ವಾಲೆ ತಲುಪುವ ಮೊದಲೇ ಅದು ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಎದ್ದ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ.

ಅನುನಾದ ಕೊಳವೆಯ ಪ್ರಯೋಗ ಮಾಡಿದ ವಿದ್ಯಾರ್ಥಿಗಳು ಈ ಬಡಿತದ ಸ್ಥಾಯಿಯನ್ನೂ ಲೆಕ್ಕಹಾಕಬಹುದು. ಉರಿದ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 950 ಮೀಟರು. ಇದನ್ನು 1.84ರಿಂದ ಗುಣಿಸಿ ಸಿಲಿಂಡರಿನ ಸುತ್ತಳತೆಯಾದ 0.313 ಮೀಟರಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5600 ಕಂಪನಗಳೆಂದು ಬರುತ್ತದೆ. ಎಂಜಿನಿನ ಮೈಗೆ ಬಿಗಿದಿರುವ ಹರಳಿನ ಕಿವಿಯೊಂದು ಇಂಥ ಕಂಪನಕ್ಕಾಗಿಯೇ ಆಲಿಸುತ್ತಿರುತ್ತದೆ. ಕೇಳಿಸಿದೊಡನೆ ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ. ಆದರೆ ಈ ಎಚ್ಚರಿಕೆ ಬರುವುದು ಬಡಿತವಾದ ಮೇಲೆ. ಸಿಲಿಂಡರಿನೊಳಗಿನ ಜ್ವಾಲೆ 2000 ಡಿಗ್ರಿಯನ್ನು ಮೀರುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹ 600 ಡಿಗ್ರಿಯ ಸುಮಾರಿಗೇ ಕರಗುತ್ತದೆ. ಲೋಹಕ್ಕೆ ಅಂಟಿದಂತಿರುವ ತೆಳ್ಳನೆಯ ತಂಪು ಅನಿಲದ ಪದರವೂ ಒಳಗಿನಿಂದ ಶಾಖವನ್ನು ಸೆಳೆಯುವ ಎಣ್ಣೆಯೂ ಅದನ್ನು ಕಾಪಾಡುತ್ತವೆ. ಬಡಿತದ ಅಲೆ ಆ ಪದರವನ್ನು ಕಿತ್ತೊಗೆಯುತ್ತದೆ. ಪಿಸ್ಟನ್ನಿನ ಉಂಗುರಗಳ ನಡುವಣ ಏಣು ಬಿರುಕುಬಿಡುವುದು ಈ ಎಂಜಿನುಗಳಲ್ಲಿ ಪದೇ ಪದೇ ಕಂಡುಬಂದ ಕಾಯಿಲೆ. ಅನಂತರ ಎಂಜಿನನ್ನು ಪೂರ್ತಿ ಬಿಚ್ಚದೆ ಗತ್ಯಂತರವಿಲ್ಲ.

ಟರ್ಬೋ ಕಾರಿಗೂ ನಾಕಿಂಗಿಗೂ ಇರುವ ವೈರ ಹಳೆಯದು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪೆನಿ ಜೆಟ್‌ಫೈರ್ ಎಂಬ ಕಾರನ್ನು ತಂದಿತು. 215 ಘನ ಅಂಗುಲದ ಎಂಜಿನಿನಿಂದ 215 ಅಶ್ವಶಕ್ತಿ! ಸಂಕೋಚನ ಪ್ರಮಾಣ 10.25, ಟರ್ಬೋ ಎಂಜಿನಿಗೆ ಇದು ಬಹಳ ಹೆಚ್ಚು. ಬಡಿತವನ್ನು ತಡೆಯಲು ಅವರು ನೀರನ್ನೂ ಮೆಥೆನಾಲನ್ನೂ ಸಮವಾಗಿ ಬೆರೆಸಿ ಗಾಳಿಯೊಡನೆ ಸಿಂಪಡಿಸಿದರು. ಶಾಸ್ತ್ರೀಯವಾಗಿ ಬಹಳ ಸೊಗಸಾದ ಉಪಾಯವೇ. ಆದರೆ ಅದರ ಪುಟ್ಟ ತೊಟ್ಟಿಯನ್ನು ಆಗಾಗ ತುಂಬುವ ತಾಳ್ಮೆ ಅನೇಕ ಮಾಲೀಕರಿಗಿರಲಿಲ್ಲ. 1963ರ ಮಾದರಿಯೊಂದಿಗೆ ಆ ಕಾರು ನಿಂತುಹೋಯಿತು.

ಹಾಗಾದರೆ ಬಲವನ್ನು ಸರಿಯಾಗಿ ಹೆಚ್ಚಿಸುವ ಕ್ರಮ ಹೇಗೆ? ಹೊಸ ಕೊಳವೆಯನ್ನು ಹಾಕಿದರೆ ತಂತಿಯ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಬರೆಯಬೇಕು. ಕಂಪ್ಯೂಟರಿನೊಳಗೆ ನಮ್ಮ ಲಾಗರಿತಮ್ ಕೋಷ್ಟಕಗಳಂಥ ಕೋಷ್ಟಕಗಳಿವೆ. ಯಾವ ವೇಗದಲ್ಲಿ, ಎಷ್ಟು ಗಾಳಿಗೆ, ಎಷ್ಟು ಪೆಟ್ರೋಲು ಮತ್ತು ಎಷ್ಟು ಮುಂಚೆ ಕಿಡಿ ಎಂದು ಅವು ಹೇಳುತ್ತವೆ. ಕಾರನ್ನು ಬಲಮಾಪಕದ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು, ಬಡಿತಕ್ಕೆ ಕಿವಿಗೊಟ್ಟು, ಈ ಕೋಷ್ಟಕಗಳನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾರೆ. ಕಿಡಿಯನ್ನು ಒಂದು ಡಿಗ್ರಿ ಮುಂಚೆ ತಂದರೂ ತಿರುಗುಬಲ ಏರದಿದ್ದರೆ ಆ ಡಿಗ್ರಿಯನ್ನು ಹಿಂದಕ್ಕೆ ತೆಗೆದುಕೊಳ್ಳುವವನು ಒಳ್ಳೆಯ ಕಸುಬಿನವನು. ಹೆಚ್ಚುವರಿ ಒತ್ತಡವನ್ನು 1ರಿಂದ 1.2 ವಾಯುಮಂಡಲಕ್ಕೆ ಏರಿಸಿದರೆ, ಗಾಳಿ ಇನ್ನಷ್ಟು ಕಾಯುವುದನ್ನು ಕಳೆದು, ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಗಾಳಿ ಸಿಗುತ್ತದೆ. ಇದು ಸುಮಾರು 25 ಅಶ್ವಶಕ್ತಿ. ಬಡಿತದ ಭಯದಿಂದ ಕಿಡಿಯನ್ನು ತಡಮಾಡಬೇಕಾಗಿ ಬಂದರೆ ಅದರಲ್ಲಿಯೂ ಸ್ವಲ್ಪ ಕೈಬಿಡುತ್ತದೆ.

ಇದೆಲ್ಲಕ್ಕೂ ಮೇಲಿನ ಎಲ್ಲೆಯನ್ನು ನಿಗದಿಮಾಡುವುದು ಪೆಟ್ರೋಲಿನ ಆಕ್ಟೇನ್ ಸಂಖ್ಯೆ, ಎಂದರೆ ತಾನಾಗಿ ಹೊತ್ತಿಕೊಳ್ಳದಿರುವ ಅದರ ಗುಣ. ಅಮೆರಿಕದ ಹಲವು ರಾಜ್ಯಗಳಲ್ಲಿ ಉತ್ತಮ ದರ್ಜೆಯ ಪೆಟ್ರೋಲಿನ ಸಂಖ್ಯೆ 93. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 91. ಒಂದು ಕಡೆ ಹೊಂದಿಸಿದ ಕೋಷ್ಟಕವನ್ನು ಇನ್ನೊಂದು ಕಡೆಯ ಪೆಟ್ರೋಲಿಗೆ ಬಳಸುವುದು ಅಪಾಯ. ಎಥೆನಾಲು ಹೆಚ್ಚಾಗಿ ಬೆರೆತ ಇಂಧನ ಬಡಿತವನ್ನು ಚೆನ್ನಾಗಿ ತಡೆಯುತ್ತದೆ. ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಆದರೆ ನೂರಕ್ಕೆ 85 ಪಾಲು ಎಥೆನಾಲುಳ್ಳ ಇಂಧನಕ್ಕೆ ಬೇಕಾದ ಗಾಳಿ ಸುಮಾರು 9.8 ಪಾಲು ಮಾತ್ರ. ಎಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಒಂದೂವರೆಯಷ್ಟು ಇಂಧನ ಬೇಕು. ನಮ್ಮ ಲೆಕ್ಕದ ಎಂಜಿನು ಪೂರ್ಣ ಬಲದಲ್ಲಿ ಒಂದು ಲೀಟರು ಪೆಟ್ರೋಲನ್ನು 37 ಸೆಕೆಂಡಿನಲ್ಲಿ ಮುಗಿಸಿದರೆ, ಈ ಇಂಧನದ ಲೀಟರನ್ನು 26 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದನ್ನು ಒದಗಿಸಲು ಪಂಪನ್ನೂ ಇಂಧನ ಚಿಮ್ಮುವ ಸೂಜಿಗಳನ್ನೂ ದೊಡ್ಡದಾಗಿ ಬದಲಾಯಿಸಬೇಕಾಗುತ್ತದೆ.

ಕಾನೂನಿನ ಮಾತೂ ಒಂದಿದೆ. ಅಮೆರಿಕದಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಉಪಕರಣಗಳನ್ನು ಕಿತ್ತುಹಾಕುವುದು ಅಪರಾಧ. ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಬೇಕಾದರೆ ಗಾಳಿಯ ಕೊಳವೆಗೂ ಅಲ್ಲಿನ ವಾಯು ಸಂಪನ್ಮೂಲ ಮಂಡಲಿಯ ಅನುಮತಿ ಸಂಖ್ಯೆ ಇರಬೇಕು. ನಮ್ಮಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ.