ಒಂದು ನಾಟಕ, ಎರಡು ಪ್ರಯೋಗ: ಆಧುನಿಕ ರಂಗಭೂಮಿಗೆ ಒಂದು ಪ್ರವೇಶ

ನಮ್ಮ ಕಾಲೇಜುಗಳಲ್ಲಿ ನಾಟಕವನ್ನು ಪಠ್ಯಪುಸ್ತಕವಾಗಿ ಓದಿಸುವುದು ರೂಢಿ. ಅಂಕಗಳ ಸಾರಾಂಶವನ್ನು ಹೇಳಿ, ಪಾತ್ರಗಳ ಗುಣದೋಷಗಳನ್ನು ವಿವೇಚಿಸಿ, ಕರ್ತೃವಿನ ಆಶಯವನ್ನು ನಿರೂಪಿಸಿದರೆ ಅಧ್ಯಯನವು ಮುಗಿಯಿತೆಂದು ಭಾವಿಸುತ್ತೇವೆ. ಇತಿಹಾಸವನ್ನು ಬೋಧಿಸುವ ನಾವೂ ಈ ಭ್ರಮೆಗೆ ಹೊರತಾದವರಲ್ಲ. ಅಚ್ಚಾದ ಪುಸ್ತಕವೇ ನಮಗೆ ಪ್ರಮಾಣ. ಆದರೆ ಆಧುನಿಕ ರಂಗಭೂಮಿಯ ಚರಿತ್ರೆಯನ್ನು ಕೇವಲ ಪುಸ್ತಕಗಳಿಂದ ಬರೆಯಹೊರಟರೆ ಅದರ ಮುಖ್ಯ ಘಟನೆಯೇ ಕಣ್ಣಿಗೆ ಬೀಳದೆ ಹೋಗುತ್ತದೆ. ಆ ಘಟನೆ ಯಾವುದೆಂಬುದನ್ನು ರಷ್ಯಾದೇಶದ ಒಂದು ನಿದರ್ಶನದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

1896ರ ಅಕ್ಟೋಬರ್ 17ರಂದು, ಆಗಿನ ರಷ್ಯನ್ ಪಂಚಾಂಗದ ಲೆಕ್ಕದಂತೆ, ಸೇಂಟ್ ಪೀಟರ್ಸ್‌ಬರ್ಗಿನ ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದಲ್ಲಿ ಆಂಟನ್ ಚೆಕಾವನ ‘ಕಡಲಹಕ್ಕಿ’ ನಾಟಕವು ಮೊದಲ ಬಾರಿಗೆ ಪ್ರಯೋಗವಾಯಿತು. ಅದು ಚಕ್ರಾಧಿಪತ್ಯದ ಅಧಿಕೃತ ರಂಗಮಂದಿರ. ನಟವರ್ಗದಲ್ಲಿ ವೇರಾ ಕೊಮಿಸ್ಸಾರ್ಜೆವ್‌ಸ್ಕಾಯಾಳಂಥ ಅಸಾಧಾರಣ ಪ್ರತಿಭೆಯ ನಟಿಯಿದ್ದಳು. ಆದರೂ ಆ ರಾತ್ರಿ ಪ್ರೇಕ್ಷಕರು ಗಂಭೀರ ಸನ್ನಿವೇಶಗಳಲ್ಲಿ ನಕ್ಕರು, ಸಿಳ್ಳು ಹಾಕಿದರು. ಅಂದಿನದು ಜನಪ್ರಿಯ ಹಾಸ್ಯನಟಿಯೊಬ್ಬಳ ಗೌರವಾರ್ಥ ಏರ್ಪಟ್ಟಿದ್ದ, ನಮ್ಮ ನಾಟಕ ಕಂಪನಿಗಳವರು ‘ಬೆನಿಫಿಟ್’ ಎನ್ನುತ್ತಿದ್ದ ಬಗೆಯ ಪ್ರದರ್ಶನ. ಬಂದವರು ನಗಲೆಂದೇ ಬಂದಿದ್ದರು. ಅಭ್ಯಾಸಕ್ಕೆ ದೊರೆತಿದ್ದುದು ಕೆಲವೇ ದಿನಗಳು. ಮುಂದಿನ ಪ್ರದರ್ಶನಗಳು ಇಷ್ಟು ಕೆಡಲಿಲ್ಲ. ಆದರೆ ಚೆಕಾವನು ಅಷ್ಟರಲ್ಲಿ ಊರನ್ನೇ ಬಿಟ್ಟಿದ್ದನು. ಇನ್ನು ಮುಂದೆ ನಾಟಕ ಬರೆಯುವುದಿಲ್ಲವೆಂದು ನಿಶ್ಚಯಿಸಿಯೂ ಇದ್ದನು.

ಎರಡು ವರ್ಷಗಳ ತರುವಾಯ, 1898ರ ಡಿಸೆಂಬರ್ 17ರಂದು, ಆಗತಾನೆ ಸ್ಥಾಪಿತವಾಗಿದ್ದ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಅದೇ ನಾಟಕವು ಮತ್ತೆ ರಂಗಕ್ಕೆ ಬಂದಿತು. ಈ ಸಲ ದೊರೆತದ್ದು ಅಪೂರ್ವವಾದ ಜಯ. ಆ ಸಂಸ್ಥೆಯು ಕಡಲಹಕ್ಕಿಯ ಚಿತ್ರವನ್ನೇ ತನ್ನ ಲಾಂಛನವನ್ನಾಗಿ ಮಾಡಿಕೊಂಡಿತು. ಅಲ್ಪಸ್ವಲ್ಪ ತಿದ್ದುಪಡಿಗಳನ್ನು ಬಿಟ್ಟರೆ ನಾಟಕದ ಮಾತುಗಳು ಅವೇ. ಹಾಗಾದರೆ ಬದಲಾದದ್ದು ಏನು?

ಬದಲಾದದ್ದು ಪ್ರಯೋಗದ ವ್ಯವಸ್ಥೆ. ನಿರ್ದೇಶಕನೆಂಬ ಅಧಿಕಾರಿ ಪೀಟರ್ಸ್‌ಬರ್ಗಿನಲ್ಲಿಯೂ ಇದ್ದನು. ಆದರೆ ಹಳೆಯ ಪದ್ಧತಿಯಲ್ಲಿ ಅವನ ಕೆಲಸವು ಬಹುಮಟ್ಟಿಗೆ ಪ್ರವೇಶ ನಿರ್ಗಮನಗಳನ್ನು ಗೊತ್ತುಪಡಿಸುವುದಷ್ಟೇ. ಪ್ರಮುಖ ನಟರು ತಮ್ಮ ಪಾತ್ರವನ್ನು ತಾವೇ ರೂಪಿಸಿಕೊಳ್ಳುತ್ತಿದ್ದರು. ಉಗ್ರಾಣದಲ್ಲಿದ್ದ ಪರದೆಗಳೇ ತೋಟವಾಗಿ, ಹಜಾರವಾಗಿ ನಾಟಕದಿಂದ ನಾಟಕಕ್ಕೆ ಬರುತ್ತಿದ್ದುವು. ಮಾಸ್ಕೋದಲ್ಲಿ ಸ್ತಾನಿಸ್ಲಾವ್‌ಸ್ಕಿಯು ಅಭ್ಯಾಸಕ್ಕೆ ಮೊದಲೇ ಕುಳಿತು ಇಡೀ ನಾಟಕಕ್ಕೆ ಒಂದು ಪ್ರಯೋಗ ಪ್ರತಿಯನ್ನು ಬರೆದನು. ಯಾವ ಮಾತಿನ ನಂತರ ಎಷ್ಟು ಹೊತ್ತು ಮೌನ, ಯಾರು ಎಲ್ಲಿ ಕೂರಬೇಕು, ಕಪ್ಪೆಯ ವಟಗುಟ್ಟುವಿಕೆ ಯಾವಾಗ ಕೇಳಿಸಬೇಕು ಎಂಬ ವಿವರಗಳೆಲ್ಲ ಅದರಲ್ಲಿ ಸೇರಿದುವು. ನಾಟಕದೊಳಗಣ ನಾಟಕವನ್ನು ನೋಡುವ ಪಾತ್ರಗಳು ಸಭೆಗೆ ಬೆನ್ನುಮಾಡಿ ಕುಳಿತುಕೊಂಡುವು. ಅಂದಿನ ಪ್ರೇಕ್ಷಕರಿಗೆ ಇದು ಹೊಸ ನೋಟ. ಸಿಮೊವ್ ಎಂಬ ಚಿತ್ರಕಾರನು ಈ ನಾಟಕಕ್ಕೆಂದೇ ರಂಗಸಜ್ಜಿಕೆಯನ್ನು ಸಿದ್ಧಗೊಳಿಸಿದನು. ಸಹ ಸ್ಥಾಪಕನಾದ ನೆಮಿರೊವಿಚ್-ದಾಂಚೆಂಕೊ ನಟರಿಗೆ ನಾಟಕದ ಅಂತರಂಗವನ್ನು ತಿಳಿಯಪಡಿಸಿದನು.

ಇಂದು ರಂಗಕಾರ್ಯದಲ್ಲಿ ನಾವು ಕಾಣುವ ಶ್ರಮವಿಭಾಗವು ಇಲ್ಲಿ ಸ್ಪಷ್ಟವಾಗುತ್ತದೆ. ನಿರ್ದೇಶಕನು ಸಮಗ್ರ ಅರ್ಥಕ್ಕೆ ಹೊಣೆಗಾರ. ವಿನ್ಯಾಸಕನು ಆ ಅರ್ಥಕ್ಕೆ ಸ್ಥಳವನ್ನು ಕಲ್ಪಿಸುತ್ತಾನೆ. ಬೆಳಕು, ಧ್ವನಿ, ಉಡುಪು, ಪ್ರಸಾಧನಗಳ ತಜ್ಞರು ಅದನ್ನು ಇಂದ್ರಿಯಗೋಚರವಾಗಿಸುತ್ತಾರೆ. ರಂಗವ್ಯವಸ್ಥಾಪಕನು ಪ್ರಯೋಗ ಪ್ರತಿಯನ್ನು ಕೈಯಲ್ಲಿ ಹಿಡಿದು, ನಿಶ್ಚಯಿಸಿದ್ದೆಲ್ಲವೂ ಪ್ರತಿ ರಾತ್ರಿಯೂ ತಪ್ಪದೆ ನಡೆಯುವಂತೆ ನೋಡಿಕೊಳ್ಳುತ್ತಾನೆ. ಇಡೀ ರಂಗಕ್ಕೆ ಒಂದೇ ದೃಷ್ಟಿ ಹೊಣೆಯಾದುದು, ಇದೇ ನಾವು ಮೊದಲು ಹೇಳಿದ ಮುಖ್ಯ ಘಟನೆ.

ಇದು ಮಾಸ್ಕೋದಲ್ಲಿ ಒಮ್ಮೆಲೇ ಉದ್ಭವಿಸಿದ್ದಲ್ಲ. ಜರ್ಮನಿಯ ಮೈನಿಂಗೆನ್ ಸಂಸ್ಥಾನದ ಡ್ಯೂಕ್ ಎರಡನೆಯ ಜಾರ್ಜನ ನಾಟಕಮಂಡಲಿಯು 1874ರಿಂದ 1890ರ ವರೆಗೆ ಯೂರೋಪಿನಲ್ಲಿ ಸಂಚರಿಸಿ, ಗುಂಪಿನ ದೃಶ್ಯಗಳಲ್ಲಿ ಒಬ್ಬೊಬ್ಬ ನಟನಿಗೂ ಚಲನೆಯನ್ನು ಗೊತ್ತುಪಡಿಸುವ ಕ್ರಮವನ್ನು ತೋರಿಸಿಕೊಟ್ಟಿತು. ಸ್ತಾನಿಸ್ಲಾವ್‌ಸ್ಕಿಯು ಅದನ್ನು ಮಾಸ್ಕೋದಲ್ಲಿ ನೋಡಿದ್ದನು. ಪ್ಯಾರಿಸಿನಲ್ಲಿ ಆಂದ್ರೆ ಆಂತ್ವಾನನು 1887ರಲ್ಲಿ ‘ಸ್ವತಂತ್ರ ರಂಗಭೂಮಿ’ಯನ್ನು ಸ್ಥಾಪಿಸಿ, ಕಸಾಯಿಖಾನೆಯ ನಾಟಕವೊಂದಕ್ಕೆ ನಿಜವಾದ ಮಾಂಸವನ್ನೇ ರಂಗದಲ್ಲಿ ತೂಗುಹಾಕಿಸಿದನು. ಇದೇ ಕಾಲದಲ್ಲಿ ವಿದ್ಯುದ್ದೀಪವೂ ಬಂದಿತು. 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರವು ಪೂರ್ಣವಾಗಿ ವಿದ್ಯುತ್ತಿನಿಂದ ಬೆಳಗಿತು. ಪರದೆಯ ಮೇಲೆ ಬರೆದ ನೆರಳು ಪ್ರಖರವಾದ ಬೆಳಕಿನಲ್ಲಿ ಸುಳ್ಳಾಗಿ ಕಂಡಿತು. ಅದರ ಬದಲಿಗೆ ಘನವಾದ ಮೆಟ್ಟಿಲು, ಗೋಡೆ, ಕಂಬಗಳು ಬೇಕಾದುವು.

ಆದರೆ ನಿರ್ದೇಶಕನ ಪ್ರಭುತ್ವವು ಬಂದೊಡನೆ ಎಲ್ಲ ಪ್ರಶ್ನೆಗಳೂ ತೀರಿದುವೆಂದಲ್ಲ. ಕಪ್ಪೆಗಳ, ಕೀಟಗಳ ಧ್ವನಿಯನ್ನು ಕುರಿತು ಸ್ವತಃ ಚೆಕಾವನೇ ಅತೃಪ್ತನಾಗಿದ್ದನು; ರಂಗವು ಕಲೆ, ಜೀವನದ ನಕಲಲ್ಲ ಎಂಬುದು ಅವನ ಮತ. 1904ರಲ್ಲಿ ‘ಚೆರಿ ತೋಪು’ ಬಂದಾಗ, ಅವನು ಪ್ರಹಸನವೆಂದು ಬರೆದುದನ್ನು ಸ್ತಾನಿಸ್ಲಾವ್‌ಸ್ಕಿಯು ದುರಂತವೆಂದೇ ತಿಳಿದನು. ವಾಸ್ತವ ಶೈಲಿಗೆ ವಿರೋಧವು ಅದೇ ಸಂಸ್ಥೆಯೊಳಗಿಂದಲೇ ಹುಟ್ಟಿತು. ‘ಕಡಲಹಕ್ಕಿ’ಯಲ್ಲಿ ಯುವಲೇಖಕನ ಪಾತ್ರ ವಹಿಸಿದ್ದ ಮೆಯೆರ್‌ಹೋಲ್ಡನು 1902ರಲ್ಲಿ ಹೊರಬಂದು, ರಂಗವು ರಂಗವೆಂದೇ ಕಾಣುವ ಶೈಲಿಯನ್ನು ಬೆಳೆಸಿದನು. 1922ರ ಅವನ ಪ್ರಸಿದ್ಧ ಪ್ರಯೋಗದಲ್ಲಿ ಮನೆಯೂ ಇಲ್ಲ, ಪರದೆಯೂ ಇಲ್ಲ. ಚಕ್ರ, ಏಣಿ, ಇಳಿಜಾರುಗಳ ಒಂದು ಚೌಕಟ್ಟು ಮಾತ್ರ. ಸ್ವಿಟ್ಜರ್ಲೆಂಡಿನ ಅಪ್ಪಿಯಾ ಬೆಳಕನ್ನೂ ಘನಾಕಾರಗಳನ್ನೂ ರಂಗದ ಮೂಲದ್ರವ್ಯಗಳೆಂದು ಪ್ರತಿಪಾದಿಸಿದನು. ಇಂಗ್ಲೆಂಡಿನ ಗಾರ್ಡನ್ ಕ್ರೇಗನು 1912ರಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿಯೇ ‘ಹ್ಯಾಮ್ಲೆಟ್’ ನಾಟಕವನ್ನು ಎತ್ತರವಾದ ಸರಳ ತೆರೆಫಲಕಗಳ ನಡುವೆ ಆಡಿಸಿದನು. ಶೈಲಿಗಳು ಪರಸ್ಪರ ವಿರುದ್ಧ. ಆದರೆ ಒಬ್ಬನ ದೃಷ್ಟಿ ಇಡೀ ರಂಗವನ್ನು ಆಳಬೇಕೆಂಬುದರಲ್ಲಿ ಎಲ್ಲರಿಗೂ ಒಮ್ಮತ.

ಈಗ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಮಾತು. 1898ರ ಪ್ರಯೋಗವನ್ನು ಕುರಿತು ನಾವು ಇಷ್ಟು ನಿಖರವಾಗಿ ಹೇಳಬಲ್ಲೆವೇಕೆ? ಸ್ತಾನಿಸ್ಲಾವ್‌ಸ್ಕಿಯ ಪ್ರಯೋಗ ಪ್ರತಿ ನಾಶವಾಗದೆ ಉಳಿದು, 1938ರಲ್ಲಿ ಅಚ್ಚಾದುದರಿಂದ. ಅದು ಇಲ್ಲದಿದ್ದರೆ ‘ಕಡಲಹಕ್ಕಿ’ಯ ಸೋಲಿಗೂ ಗೆಲುವಿಗೂ ನಾವು ಪ್ರೇಕ್ಷಕರ ಅಭಿರುಚಿಯನ್ನು ಮಾತ್ರ ಕಾರಣವಾಗಿ ಕೊಡುತ್ತಿದ್ದೆವು.

ಕನ್ನಡ ರಂಗಭೂಮಿಗೂ ಈ ಮಾತು ಸಲ್ಲುತ್ತದೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ. ವಿ. ಕಾರಂತರು 1972ರಲ್ಲಿ ನಿರ್ದೇಶಿಸಿದರು. ನಾಟಕದ ಪುಸ್ತಕವು ಎಲ್ಲರಿಗೂ ದೊರೆಯುತ್ತದೆ. ಆದರೆ ಹಾಡಿನ ಮಟ್ಟು, ಮೇಳದ ನಡೆ, ಬೆಳಕಿನ ಏರಿಳಿತಗಳು ಪುಸ್ತಕದಲ್ಲಿಲ್ಲ. ಅಂದು ಆಡಿದವರಲ್ಲಿ, ನೋಡಿದವರಲ್ಲಿ ಅತಿ ಕಿರಿಯರಾಗಿದ್ದವರೂ ಇಂದು ವೃದ್ಧರು. ನಮ್ಮ ಊರುಗಳ ಹವ್ಯಾಸಿ ತಂಡಗಳ ವಿಷಯವೂ ಹೀಗೆಯೇ. ತಾಲೀಮಿನ ಟಿಪ್ಪಣಿ, ಬೆಳಕಿನ ಪಟ್ಟಿ, ಕರಪತ್ರ, ರಂಗದ ನಕ್ಷೆಗಳನ್ನು ಶಾಸನಗಳಷ್ಟೇ ಆದರದಿಂದ ಸಂಗ್ರಹಿಸುವ ಕೆಲಸ ನಮ್ಮ ಮುಂದಿದೆ. ಹಿರಿಯರ ನೆನಪುಗಳನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದೇ ಒಂದು ಪ್ರಯೋಗವನ್ನು ಈ ರೀತಿಯಲ್ಲಿ ದಾಖಲಿಸಿದರೂ, ಮುಂದೆ ಕನ್ನಡ ರಂಗಚರಿತ್ರೆಯನ್ನು ಬರೆಯುವವರು ಊಹೆಯನ್ನು ಆಶ್ರಯಿಸಬೇಕಾಗಿ ಬರುವುದಿಲ್ಲ.