ಬಾಗಿದ ಬೆನ್ನು, ಇನ್ನೂ ಬೆಳೆಯುವ ಮೂಳೆ

ತಪ್ಪು ಕಲ್ಪನೆ: ಭಾರದ ಸ್ಕೂಲ್ ಬ್ಯಾಗ್ ಹೊತ್ತು, ಗೂನಿ ಕೂತು ಮಗಳ ಬೆನ್ನು ಸೊಟ್ಟಗಾಗಿದೆ.

ವಾಸ್ತವ: ಹದಿಹರೆಯದಲ್ಲಿ ಕಾಣಿಸುವ, ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್‌ಗೆ ಹೆಚ್ಚಿನ ಮಕ್ಕಳಲ್ಲಿ ಖಚಿತ ಕಾರಣ ಸಿಗುವುದಿಲ್ಲ. ಬ್ಯಾಗಿನಿಂದ ಅದು ಬರುವುದಿಲ್ಲ, ‘ನೆಟ್ಟಗೆ ಕೂರು’ ಎಂದು ಗದರಿದರೆ ಹೋಗುವುದೂ ಇಲ್ಲ. ಆ ಮಗುವಿನ ತಪ್ಪು ಇದರಲ್ಲಿ ಏನೂ ಇಲ್ಲ.

ತಪ್ಪು ಕಲ್ಪನೆ: ಬ್ರೇಸ್ (ಬೆನ್ನಿಗೆ ಹೊರಗಿನಿಂದ ಬಿಗಿಯುವ ಕವಚ) ಹಾಕಿಸಿ ಪ್ರಯೋಜನವಿಲ್ಲ.

ವಾಸ್ತವ: 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬ್ರೇಸ್ ಧರಿಸಿದವರ ಪೈಕಿ ಶೇ. 72ರಷ್ಟು ಮಕ್ಕಳು ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಬ್ರೇಸ್ ಇಲ್ಲದವರಲ್ಲಿ ಶೇ. 48. ದಿನಕ್ಕೆ ಹೆಚ್ಚು ಗಂಟೆ ಧರಿಸಿದಷ್ಟೂ ಫಲ ಹೆಚ್ಚಿತ್ತು.

ತಪ್ಪು ಕಲ್ಪನೆ: ಆಪರೇಷನ್ ಎಂದರೆ ಬೆನ್ನುಮೂಳೆಯನ್ನು ಬೆಸೆದುಬಿಡುವುದೇ.

ವಾಸ್ತವ: ಬೆಸೆಯುವ ಫ್ಯೂಷನ್ ಹಳೆಯ, ನಂಬಿಕೆಯ ದಾರಿ. ರಾಡ್ ಮತ್ತು ಸ್ಕ್ರೂಗಳಿಂದ ಬಾಗನ್ನು ತಿದ್ದಿ, ಅಷ್ಟು ಭಾಗದ ಮೂಳೆಗಳು ಒಂದಾಗುವಂತೆ ಮಾಡುತ್ತಾರೆ. ಆ ಭಾಗ ಮತ್ತೆ ಬಾಗದು, ಬೆಳೆಯದು. ಇನ್ನೊಂದು ದಾರಿ ಟೆದರಿಂಗ್. ಬಾಗು ಎದೆಯ ಮಟ್ಟದಲ್ಲಿದ್ದರೆ, ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ, ಬಾಗಿನ ಉಬ್ಬಿದ ಬದಿಯಲ್ಲಿ ಒಂದೊಂದು ಮೂಳೆಗೂ ಸ್ಕ್ರೂ ಹಾಕುತ್ತಾರೆ. ಎಲ್ಲವನ್ನೂ ಪಾಲಿಯೆಸ್ಟರ್ ಜಾತಿಯ ಗಟ್ಟಿ ದಾರದಿಂದ ಎಳೆದು ಬಿಗಿಯುತ್ತಾರೆ. ಸ್ವಲ್ಪ ತಿದ್ದುಪಡಿ ಅಲ್ಲೇ ಆಗುತ್ತದೆ. ಉಳಿದದ್ದನ್ನು ಮಾಡುವುದು ಮಗುವಿನ ಬೆಳವಣಿಗೆ. ಒತ್ತಡ ಬಿದ್ದ ಕಡೆ ಮೂಳೆ ನಿಧಾನವಾಗಿ ಬೆಳೆಯುತ್ತದೆ, ಒತ್ತಡ ಇಳಿದ ಕಡೆ ಬೇಗ. ದಾರವಿರುವ ಬದಿ ತಡೆದು ನಿಂತಾಗ ಎದುರು ಬದಿ ಬೆಳೆದು ಸರಿದೂಗಿಸುತ್ತದೆ. ರೋಗವನ್ನು ಹೆಚ್ಚಿಸುತ್ತಿದ್ದ ಬೆಳವಣಿಗೆಯನ್ನೇ ಚಿಕಿತ್ಸೆಗೆ ಬಳಸುವ ಈ ಯೋಚನೆ ನನಗೆ ಬಹಳ ಹಿಡಿಸಿದೆ.

ತಪ್ಪು ಕಲ್ಪನೆ: ಇನ್ನೂ ಚಿಕ್ಕವಳು, ಬೆಳವಣಿಗೆ ಮುಗಿಯಲಿ, ಆಮೇಲೆ ನೋಡೋಣ.

ವಾಸ್ತವ: ಫ್ಯೂಷನ್‌ಗೆ ಆ ಮಾತು ಎಷ್ಟೋ ಸಲ ಸರಿ. ಟೆದರಿಂಗ್‌ಗೆ ಹಾಗೆ ಕಾದರೆ ಅವಕಾಶವೇ ತಪ್ಪಿಹೋಗುತ್ತದೆ. ಎಷ್ಟು ಬೆಳವಣಿಗೆ ಬಾಕಿಯಿದೆ ಎಂಬುದನ್ನು ವಯಸ್ಸಷ್ಟೇ ಹೇಳುವುದಿಲ್ಲ. ಕೈಯ ಎಕ್ಸ್-ರೇ ನೋಡಿ, ಹುಡುಗಿಯಾದರೆ ಮುಟ್ಟು ಶುರುವಾಗಿ ಎಷ್ಟು ಕಾಲವಾಯಿತೆಂದು ಕೇಳಿ ಅಂದಾಜಿಸುತ್ತಾರೆ. ಆ ಪ್ರಶ್ನೆಗೆ ಮನೆಯವರು ಸಂಕೋಚಪಡಬಾರದು. ತೀರಾ ಎಳೆಯ ವಯಸ್ಸೂ ಕಷ್ಟವೇ: ಬೆಳವಣಿಗೆ ಬಹಳ ಉಳಿದಿದ್ದರೆ ಬೆನ್ನು ನೆಟ್ಟಗಾಗಿ, ಮುಂದೆ ಎದುರು ದಿಕ್ಕಿಗೂ ಬಾಗಬಹುದು.

ತಪ್ಪು ಕಲ್ಪನೆ: ಹೊಸದಾದ್ದರಿಂದ ಟೆದರಿಂಗೇ ಎಲ್ಲರಿಗೂ ಉತ್ತಮ; ಒಮ್ಮೆ ಮಾಡಿಸಿದರೆ ಮುಗಿಯಿತು.

ವಾಸ್ತವ: ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇಂಥ ಮೊದಲ ಸಾಧನಕ್ಕೆ ಕೊಟ್ಟದ್ದು ಕಡಿಮೆ ರೋಗಿಗಳಿಗೆ ಬೇಕಾಗುವ ಸಾಧನಗಳ ವಿಶೇಷ ಅನುಮತಿ. ಅದೂ ಬೆಳವಣಿಗೆ ಮುಗಿಯದ, ಬಾಗು 30ರಿಂದ 65 ಡಿಗ್ರಿಯೊಳಗಿನ, ಬ್ರೇಸ್ ಫಲಿಸದ ಅಥವಾ ಸಹಿಸಲಾಗದ ಮಕ್ಕಳಿಗೆ. ಫ್ಯೂಷನ್‌ಗೆ ಹೋಲಿಸಿದರೆ ಇದರಲ್ಲಿ ಮತ್ತೆ ಆಪರೇಷನ್ ಬೇಕಾಗುವ ಸಂಭವ ಹೆಚ್ಚು. ಬೆನ್ನಿನ ಚಲನೆ ಉಳಿಯುತ್ತದೆಂಬ ಆಸೆಯಲ್ಲಿ ಈ ಸಂಭವವನ್ನು ಕಡೆಗಣಿಸುವುದು ಮಗುವಿಗೆ ಅನ್ಯಾಯ. ಕೆಲವು ವರ್ಷಗಳಲ್ಲಿ ದಾರ ತುಂಡಾಗುವುದು ಅಪರೂಪವಲ್ಲ. ಅಷ್ಟರಲ್ಲಿ ಬೆಳವಣಿಗೆ ಮುಗಿದು ಬಾಗು ಹಿಡಿತದಲ್ಲಿದ್ದರೆ ಹಾಗೆಯೇ ಬಿಡುತ್ತಾರೆ. ಬಾಗು ಮತ್ತೆ ಹೆಚ್ಚತೊಡಗಿದರೆ ದಾರ ಬದಲಿಸಬಹುದು, ಇಲ್ಲವೇ ಆಗ ಫ್ಯೂಷನ್ ಮಾಡಬಹುದು.