ಪದೇ ಪದೇ ಆಸ್ಪತ್ರೆ: ಹೈ ರಿಸ್ಕ್ ಬಸುರಿಯ ಮನೆಯವರಿಗೆ
ತಾಯಿ ಕಾರ್ಡ್ ಮೇಲೆ 'ಹೈ ರಿಸ್ಕ್' ಅಂತ ಬರೆದ ತಕ್ಷಣ ಮನೆಮಂದಿಯ ಮುಖ ಬಾಡುತ್ತೆ. ಬಿಪಿ, ಶುಗರ್, ಅವಳಿ ಮಕ್ಕಳು, ಇಂಥ ಕಾರಣಕ್ಕೆ ಡಾಕ್ಟರು ಹೆಚ್ಚು ಸಲ ಬರೋಕೆ ಹೇಳ್ತಾರೆ. ಹೋಗಲೇಬೇಕು.

ಉದಾಹರಣೆಗೆ, ಕೊನೆ ತಿಂಗಳುಗಳಲ್ಲಿ ಮಾಡೋ ನಾನ್-ಸ್ಟ್ರೆಸ್ ಟೆಸ್ಟ್, ಅಂದ್ರೆ ಎನ್‌ಎಸ್‌ಟಿ ನೋಡಿ. ಎಡಮಗ್ಗುಲಿಗೆ ಒರಗಿಸಿ ಹೊಟ್ಟೆ ಮೇಲೆ ಎರಡು ಬೆಲ್ಟ್ ಕಟ್ತಾರೆ. ಒಂದು ಮಗುವಿನ ಎದೆಬಡಿತ ಹಿಡಿಯುತ್ತೆ, ಇನ್ನೊಂದು ಗರ್ಭಕೋಶ ಬಿಗಿಯಾಗೋದನ್ನ. ಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ಮಗು ಅಲುಗಾಡಿದಾಗ ಅದು ಏರಿದ್ರೆ ಒಳ್ಳೇ ಲಕ್ಷಣ. 20 ನಿಮಿಷದಲ್ಲಿ ಏರಲಿಲ್ವಾ? ಗಾಬರಿ ಬೇಡ. ಮಗು ನಿದ್ದೆಯಲ್ಲಿರಬಹುದು, ಇನ್ನೂ ಸ್ವಲ್ಪ ಹೊತ್ತು ನೋಡ್ತಾರೆ.

ಗಂಡಂದಿರೇ, ಗೇಟಿನ ಹತ್ರ ಇಳಿಸಿ ಹೋಗಬೇಡಿ. ಒಳಗೆ ಬಿಡೋ ಕಡೆ ಹೆಂಡತಿ ಜೊತೆ ನೀವೂ ಹೋಗಿ. ಬಿಪಿ ಎಷ್ಟು ಬಂತು ಅಂತ ನೀವೇ ಬರೆದಿಡಿ, ಕೇಳೋ ಪ್ರಶ್ನೆಗಳನ್ನ ಮೊದಲೇ ಚೀಟಿ ಮಾಡಿಕೊಳ್ಳಿ. ಅವಳ ಭಯ ಅರ್ಧ ಅಲ್ಲೇ ಇಳಿಯುತ್ತೆ.

ಖರ್ಚಿನ ಚಿಂತೆಯೇ? ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ಆಶಾ ಕಾರ್ಯಕರ್ತೆಯನ್ನ ಕೇಳಿ.

ವಿಪರೀತ ತಲೆನೋವು, ಕಣ್ಣು ಮಂಜು, ರಕ್ತಸ್ರಾವ, ಮಗುವಿನ ಅಲುಗಾಟ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಕಿಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.